ಬೆಕ್ಕಿನ ಮೀಸೆ ದಪ್ಪಗಾದ ಪ್ರಕರಣ

"ನಾನು ಮುಟ್ಟಿಲ್ಲ ಅತ್ತಿಗೆ, ನನ್ನ ಫೋನ್ ಆಣೆ! ಆಣೆ ಇಡೋಣ ಅಂದ್ರೆ ಅದೂ ಸತ್ತು ಕೂತಿದೆ."

"ನಿನ್ನ ಫೋನಿನ ಕಥೆ ಆಮೇಲೆ. ಮೊದಲು ಇದನ್ನ ನೋಡು. ಇದು ಮೀಸೆನಾ?"

ಮೈದುನ ಬಗ್ಗಿ ನೋಡಿದ. ಪರದೆಯ ಮೇಲೊಂದು ಬೆಕ್ಕು. ಮೂಗಿನ ಆಚೀಚೆ ಮೂರು ಮೂರು ಹಗ್ಗ.

"ಬಟ್ಟೆ ಒಣಹಾಕಬಹುದು," ಎಂದ.

ಅತ್ತಿಗೆಗೆ ನಗು ಬರಲಿಲ್ಲ. ಅವಳು ಚಿತ್ರಗಾರ್ತಿ. ಮಕ್ಕಳ ಪುಸ್ತಕವೊಂದಕ್ಕೆ ಹನ್ನೆರಡು ಪ್ರಾಣಿಗಳನ್ನು ಬರೆದುಕೊಡಲು ಒಪ್ಪಿದ್ದಳು — ಮುಖಪುಟದಲ್ಲಿ ಅವಳ ಹೆಸರು ಅಚ್ಚಾಗಲಿರುವ ಮೊದಲ ಪುಸ್ತಕ. ಹನ್ನೊಂದು ಮುಗಿದಿದ್ದವು. ಕೊನೆಯದು ಈ ಬೆಕ್ಕು. ಇವತ್ತು ಸಂಜೆ ಐದು ದಾಟಿದರೆ ಅಷ್ಟೂ ಪುಟ ಬೇರೆ ಕಲಾವಿದರ ಪಾಲು ಎಂದು ಪ್ರಕಾಶಕಿ ಖಡಾಖಂಡಿತವಾಗಿ ಹೇಳಿದ್ದರು.

ಅವಳು ಬರೆಯುವುದು ಕಂಪ್ಯೂಟರಿಗೆ ವೈರಿನಿಂದ ಜೋಡಿಸಿದ ಪೆನ್ ಪ್ಯಾಡಿನ ಮೇಲೆ. ಒತ್ತಿದರೆ ಗೆರೆ ದಪ್ಪ, ತೇಲಿಸಿದರೆ ಕೂದಲೆಳೆ. ಕೈಯ ಒತ್ತಡವನ್ನು ಕಂಪ್ಯೂಟರಿಗೆ ತಿಳಿಯುವಂತೆ ಹೇಳುವುದು ಡ್ರೈವರ್ ಎಂಬ ಪುಟ್ಟ ತಂತ್ರಾಂಶ. ಪ್ಯಾಡಿನ ಕಂಪನಿಯೇ ಕೊಟ್ಟ ಡ್ರೈವರ್ ಇದ್ದರೆ ಮೀಸೆ ಮೀಸೆಯಾಗಿರುತ್ತದೆ. ಕಂಪ್ಯೂಟರ್ ತಾನಾಗಿ ಕೂರಿಸಿಕೊಂಡ ಡ್ರೈವರಾದರೆ ಎಲ್ಲವೂ ಹಗ್ಗ.

ಸೋಮವಾರ ಹಾಗೇ ಆಯಿತು. ಕೆಳಗಿನ ಅಂಗಡಿಯ ರಿಪೇರಿ ಅಕ್ಕ ಬಂದು ಕಂಪನಿಯ ಡ್ರೈವರ್ ಹಾಕಿಕೊಟ್ಟಳು. ಮಂಗಳವಾರ ಬೆಳಿಗ್ಗೆ ಮತ್ತೆ ಅದೇ! ಅಕ್ಕ ಪುನಃ ಸರಿಮಾಡಿ, ಕಂಪ್ಯೂಟರ್ ಹೊರಗಿನಿಂದ ತಾನಾಗಿ ಏನನ್ನೂ ತರದಂತೆ ತಡೆ ಹಾಕಿ ಹೋದಳು. ಇವತ್ತು ಬುಧವಾರ — ಮತ್ತೆ ಹಗ್ಗ.

ಕಂಪ್ಯೂಟರಿನ ಪಾಸ್‌ವರ್ಡ್ ಗೊತ್ತಿರುವುದು ಅತ್ತಿಗೆಯೊಬ್ಬಳಿಗೇ. ಗಂಡ ಕೆಲಸದ ಮೇಲೆ ಪರವೂರಿಗೆ ಹೋಗಿ ವಾರವಾಗಿತ್ತು. ಮನೆಯಲ್ಲಿರುವವರು ಮೈದುನ ಮತ್ತು ಮಾವ. ಹಾಗಾದರೆ ಯಾರು? ಹೇಗೆ? ಯಾಕೆ? ಒಂದಕ್ಕೂ ತಲೆಬುಡವಿರಲಿಲ್ಲ. ನೀರು ಕುಡಿಯೋಣವೆಂದು ಕೈಚಾಚಿದರೆ ಪ್ಯಾಡಿನ ವೈರು ತೊಡರಿ ಲೋಟ ಉರುಳಿತು. ಇವತ್ತು ಲೋಟಕ್ಕೂ ತನ್ನ ಮೇಲೆ ಹಗೆಯೇ?

ಸಾಲದ್ದಕ್ಕೆ ಮಾವನ ಮೌನ. ಮೂವತ್ತೊಂದು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಬೀದಿಗೆಲ್ಲ ಅವರು 'ಡ್ರೈವರ್ ಸಾಹೇಬ್ರು'. ಆರು ತಿಂಗಳಿಂದ ಇವರ ಜೊತೆ ಇದ್ದಾರೆ. ಊಟಕ್ಕೆ ಕೂತರೆ ಘಟ್ಟದ ತಿರುವುಗಳ ಕಥೆ ಮುಗಿಯುತ್ತಲೇ ಇರಲಿಲ್ಲ. ಈಗ ಎರಡು ದಿನದಿಂದ ಹೂಂ, ಉಹೂಂ ಬಿಟ್ಟರೆ ಮಾತಿಲ್ಲ. ಇದೂ ಅವಳಿಗೆ ಅರ್ಥವಾಗಿರಲಿಲ್ಲ.

ಎರಡು ಗಂಟೆಗೆ ರಿಪೇರಿ ಅಕ್ಕ ಮೆಟ್ಟಿಲು ಹತ್ತಿ ಬಂದಳು.

"ನಿನ್ನ ಬೆಕ್ಕು ನನ್ನ ಅಂಗಡಿ ಮುಚ್ಚಿಸುತ್ತೆ ಕಣೇ," ಎನ್ನುತ್ತಾ ಕೂತಳು. ಪರದೆ ನೋಡುತ್ತ ಹೋದಂತೆ ಅವಳ ಹುಬ್ಬು ಗಂಟಾಯಿತು. "ನಾನು ಹಾಕಿದ ತಡೆ ಹಾಗೇ ಇದೆ. ಹೊರಗಿಂದ ಏನೂ ಬಂದಿಲ್ಲ. ಆದ್ರೂ ಡ್ರೈವರ್ ಬೇರೆ! ಇದೆಂಥ ಮಾಟ?"

"ಮಾಟ ಅಲ್ಲ ಅಕ್ಕಾ, ಇವನೇ. ಆಟ ಆಡೋಕೆ ಏನೋ ಮಾಡಿರ್ತಾನೆ."

ಮೈದುನನ ಮುಖ ಸಪ್ಪಗಾಯಿತು. "ಬೆಳಿಗ್ಗೆಯಿಂದ ಅದೇ ರಾಗ. ನಿಮ್ಮ ಬೆಕ್ಕಿನ ಉಸಾಬರಿ ನನಗ್ಯಾಕೆ? ನನ್ನ ಫೋನೇ ಎರಡು ದಿನದಿಂದ ಚಾರ್ಜ್ ಆಗ್ತಿಲ್ಲ. ಹಾಕಿ ಮಲಗ್ತೀನಿ, ಎದ್ದು ನೋಡಿದ್ರೆ ವೈರು ಕಿತ್ತಿರುತ್ತೆ!"

ಅಕ್ಕ ತಟ್ಟನೆ ತಿರುಗಿದಳು. "ಎರಡು ದಿನದಿಂದ? ಬೇರೆ ಏನಾದ್ರೂ ಕಿತ್ತಿರುತ್ತಾ?"

"ಟಿವಿ. ಮಿಕ್ಸಿ. ಅಲ್ವಾ ಅತ್ತಿಗೆ?"

"ಹೌದು... ಆದ್ರೆ ಮಿಕ್ಸಿಗೂ ಬೆಕ್ಕಿಗೂ ಏನ್ ಸಂಬಂಧ?"

ಅಕ್ಕ ಕಿಟಕಿಯ ಬಳಿ ಒಣಹಾಕಿದ ಕಾಗದಗಳತ್ತ ಬೆರಳು ತೋರಿಸಿದಳು. "ಅವ್ಯಾಕೆ ಒದ್ದೆ?"

"ವೈರು ತೊಡರಿ ಲೋಟ ಬಿತ್ತು."

"ನಿನ್ನೆ ತೊಡರಿತ್ತಾ?"

"ಇಲ್ಲ. ನಿನ್ನೆ ವೈರು..." ಅವಳು ತಡವರಿಸಿದಳು. "ಗೋಡೆ ಕಡೆಯಿಂದ ಬರ್ತಿತ್ತು, ಅಲ್ವಾ?"

ಅಕ್ಕ ಮಂಡಿಯೂರಿ ಮೇಜಿನ ಹಿಂದೆ ನುಗ್ಗಿದಳು. ಒಳಗಿನಿಂದ ಒಂದು ಸೀನು, ಆಮೇಲೆ ಒಂದು "ಆಹಾ!" ಕೇಳಿಸಿತು. ಏನನ್ನೋ ಕಿತ್ತು ಇನ್ನೆಲ್ಲೋ ಚುಚ್ಚಿದ ಸದ್ದು.

"ಈಗ ಗೆರೆ ಎಳೆ."

ಅವಳು ಎಳೆದಳು. ಬುಡದಲ್ಲಿ ದಪ್ಪ, ತುದಿಯಲ್ಲಿ ಕೂದಲೆಳೆ. ಮೀಸೆ!

"ಅಕ್ಕಾ! ಡ್ರೈವರ್ ಹಾಕಲೇ ಇಲ್ಲವಲ್ಲ ನೀವು?"

"ಹಾಕಿದ್ದು ಎಲ್ಲೂ ಹೋಗಿಲ್ಲ ಕಣೇ." ಅಕ್ಕ ತಲೆಯ ಧೂಳು ಕೊಡವಿಕೊಂಡಳು. "ಹಿಂದೆ ನಾಲ್ಕು ತೂತಿವೆ. ಪ್ಯಾಡನ್ನ ಹೊಸ ತೂತಿಗೆ ಚುಚ್ಚಿದ್ರೆ ನಿನ್ನ ಕಂಪ್ಯೂಟರ್ ಅದನ್ನ ಹೊಸ ನೆಂಟ ಅಂದ್ಕೊಳ್ಳುತ್ತೆ. ತನ್ನ ಹೊಟ್ಟೆಯೊಳಗೇ ಇರೋ ಯಾವುದೋ ಸಾಧಾರಣ ಡ್ರೈವರ್ ಕೊಟ್ಟು ಕೂರಿಸುತ್ತೆ. ಅದಕ್ಕೆ ಹೊರಗಿಂದ ಏನೂ ಬರಬೇಕಿಲ್ಲ. ಪಾಸ್‌ವರ್ಡೂ ಬೇಡ. ಎರಡು ದಿನ ನಾನೂ ಪರದೆ ಮುಂದೆಯೇ ಕೂತೆ, ಬೆನ್ನು ನೋಡಲೇ ಇಲ್ಲ!"

"ಹಾಗಾದ್ರೆ ತಪ್ಪು ಯಾರದು?"

"ಸೋಮವಾರದ್ದು ಕಂಪ್ಯೂಟರಿಂದು. ಆಮೇಲಿನ ಎರಡೂ ಒಂದೇ ಕೈ ಕೆಲಸ — ಮಲಗೋ ಮುಂಚೆ ಮನೆಯ ವೈರೆಲ್ಲ ಕಿತ್ತಿಟ್ಟು, ಬೆಳಿಗ್ಗೆ ನೆನಪಾದದ್ದನ್ನ ಸಿಕ್ಕ ತೂತಿಗೆ ಚುಚ್ಚೋ ಕೈ. ಗಾಡಿ ನಿಲ್ಲಿಸಿದ ಮೇಲೆ ಕೀ ಕೀಳದೆ ಇಳಿಯದ ಕೈ." ಅವಳು ಬಾಗಿಲ ಕಡೆ ದನಿ ಏರಿಸಿದಳು. "ಡ್ರೈವರ್ ಸಾಹೇಬ್ರೇ, ಒಳಗೆ ಬನ್ನಿ!"

ಪರದೆ ಬಟ್ಟೆ ಸರಿಯಿತು. ಮಾವ ಹೊಸ್ತಿಲಲ್ಲೇ ನಿಂತರು.

"ಕಂಪ್ಯೂಟರ್ ಮುಟ್ಟಿಲ್ಲಮ್ಮ. ವೈರು ಮಾತ್ರ."

"ಯಾಕೆ ಮಾವ? ಮುಂಚೆ ಹೀಗೆ ಮಾಡ್ತಿರಲಿಲ್ಲವಲ್ಲ?"

ಮಾವ ನೆಲ ನೋಡಿದರು. "ಸೋಮವಾರ ನೀನು ಫೋನಲ್ಲಿ ಹೇಳಿದ್ದು ಕೇಳಿಸ್ತು. 'ಈ ಡ್ರೈವರಿಂದ ನನ್ನ ಕೆಲಸವೆಲ್ಲ ಹಾಳು. ಕೇಳದೆ ಬಂದು ಕೂತಿದೆ. ಮೊದಲು ಅದನ್ನ ಕಿತ್ತು ಬಿಸಾಕಬೇಕು' ಅಂದೆ. ಬೇಜಾರಿಲ್ಲ ಬಿಡು. ಆದ್ರೆ 'ಅದು' ಅಂದೆಯಲ್ಲಾ... ಸರಿ, ಸುಮ್ನೆ ಕೂತು ಉಣ್ಣೋ ಬದಲು ಕರೆಂಟಾದ್ರೂ ಉಳಿಸೋಣ ಅಂತ."

ಮೈದುನನಿಗೆ ತಡೆಯಲಾಗಲಿಲ್ಲ. "ಅಪ್ಪಾ!" ಎಂದು ಹೊಟ್ಟೆ ಹಿಡಿದುಕೊಂಡು ಮಂಚದ ಮೇಲೆ ಬಿದ್ದ.

ಅವಳಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಎದ್ದು ಹೋಗಿ ಮಾವನ ಕೈ ಹಿಡಿದಳು. "ಅದು ನೀವಲ್ಲ ಮಾವ. ಅದು... ಅದು! ಈ ಪೆಟ್ಟಿಗೆಯೊಳಗೆ ಇರೋದು!"

"ಇದರೊಳಗೂ ಒಬ್ಬ ಡ್ರೈವರ್ ಇದಾನಾ?"

"ಇದಾನೆ," ಎಂದಳು ಅಕ್ಕ. "ಅವನನ್ನ ಎರಡು ಸಲ ಸೀಟಿಂದ ಇಳಿಸಿದ್ದು ನೀವೇ."

"ಅಯ್ಯೋ ಪಾಪ," ಎಂದರು ಮಾವ. ನಿಜವಾಗಿಯೂ ಮರುಗಿದರು.

ಅವಳು ಮೈದುನನತ್ತ ತಿರುಗಿದಳು. "ನಿನ್ನನ್ನೂ ಸುಮ್ಸುಮ್ನೆ ಬೈದೆ ಕಣೋ. ತಪ್ಪಾಯ್ತು."

"ಆ ಬೆಕ್ಕಿಗೆ ನನ್ನ ಹೆಸರಿಡಿ, ಸರಿಹೋಗುತ್ತೆ."

ಅಕ್ಕ ಸರಿಯಾದ ತೂತಿನ ಪಕ್ಕ ಕೆಂಪು ಚೀಟಿ ಅಂಟಿಸಿ ಅಂಗಡಿಗೆ ಇಳಿದಳು. ಮಾವ ಕುರ್ಚಿಯೊಂದನ್ನು ಎಳೆದುಕೊಂಡು ಸೊಸೆಯ ಹಿಂದೆ ಕೂತರು. ಮೀಸೆಗಳು ಒಂದೊಂದಾಗಿ ಮೂಡಿದವು. ಐದಕ್ಕೆ ಇನ್ನು ಇಪ್ಪತ್ತು ನಿಮಿಷವಿರುವಾಗ ಉಳಿದದ್ದು ಬಾಲವೊಂದೇ.

"ನಿಧಾನ ಕಣಮ್ಮ. ಮುಂದೆ ತಿರುವಿದೆ."

"ಗೊತ್ತು ಮಾವ."

ಪೆನ್ನು ಬಾಲದ ತಿರುವಿಗೆ ರಭಸದಿಂದ ನುಗ್ಗಿತು. ಹಿಂದೆ ಕೂತಿದ್ದ ಮಾವನ ಬಲಗಾಲು ತಾನಾಗಿ ಮುಂದೆ ಬಂದು, ಇಲ್ಲದ ಬ್ರೇಕನ್ನು ಬಲವಾಗಿ ಒತ್ತಿತು.