ಬಾಯಿ ಕಟ್ಟುವ ಸಾಣೆಕಲ್ಲು

"ಈ ಸಾಣೆಕಲ್ಲನ್ನು ನಾಳೆ ಪ್ರೊಫೆಸರುಗಳಿಗೆ ತೋರಿಸಿ ವಾಪಸ್ ತಂದುಕೊಡು, ಅಷ್ಟೇ. ಅದರ ಮೇಲೆ ಏನನ್ನೂ ಮಸೆಯಬೇಡ. ಸೂಜಿಯನ್ನಂತೂ ಬೇಡವೇ ಬೇಡ." ಮನೆಯೊಡತಿ ಕಿರ್ಸ್ಟನ್ ಕಲ್ಲನ್ನು ತ್ರಿಪುರಸುಂದರಿಯ ಕೈಗಿಟ್ಟಳು. "ಮಸೆದ ಹೆಂಗಸಿನ ಬಾಯಿ ಕಟ್ಟಿಹೋಗುತ್ತದೆ. ನನ್ನಮ್ಮ ಸಾಯುವವರೆಗೂ ಮೂಗಿಯಾಗಿದ್ದಳು."

ತ್ರಿಪುರಸುಂದರಿ ನಕ್ಕಳು. "ಬಾಯಿಕಟ್ಟು ಹಾಕೋರು ನಮ್ಮ ಮೈಸೂರಲ್ಲೂ ಇದ್ದಾರೆ. ನನ್ನ ಬಾಯಿ ಮಾತ್ರ ಯಾರಿಂದಲೂ ಕಟ್ಟೋಕಾಗಿಲ್ಲ."

೧೯೭೨ರ ಫೆಬ್ರವರಿ. ಅಮೆರಿಕದ ಪರ್ತ್ ಆಂಬಾಯ್‌ನ ಆ ಹಳೆಯ ಡೇನಿಶ್ ಮನೆಯ ಮೇಲಂತಸ್ತಿನಲ್ಲಿ ಸುಂದರಿಯೂ ಗಂಡ ದಿವಾಕರನೂ ಬಾಡಿಗೆಗಿದ್ದರು. ಅವಳ ಪಿಎಚ್.ಡಿ. ಪ್ರಬಂಧ ಹದಿನಾಲ್ಕನೇ ಶತಮಾನದ ಡೆನ್ಮಾರ್ಕಿನ ರಾಣಿ ಮಾರ್ಗರೇಟಳ ಮೇಲೆ; ನಾಳೆ ಪ್ರೊಫೆಸರುಗಳ ಮುಂದೆ ಅದರ ಮೌಖಿಕ ಪರೀಕ್ಷೆ. 'ಹೆಂಗಸು ಸೂಜಿ ಮಸೆದುಕೊಂಡಿರಲಿ' ಎಂದು ಸ್ವೀಡನ್ನಿನ ರಾಜ ಅವಳಿಗೊಂದು ಸಾಣೆಕಲ್ಲು ಕಳಿಸಿದನೆಂದು ಕತೆ. ರಾಣಿ ಅವನನ್ನು ಗೆದ್ದು ಸೆರೆಹಿಡಿದಳು. ಮೂರು ರಾಜ್ಯಗಳನ್ನು ಒಂದು ಮಾಡಿದಳು. ತಲೆಮಾರುಗಳಿಂದ ತಮ್ಮಲ್ಲಿರುವುದು ಅದೇ ಕಲ್ಲೆಂದೂ, ಸೋತವನ ಕಡೆಯ ಮಾಟಗಾರ ಅದಕ್ಕೆ ತುಂಬಿದ ಶಾಪ ಇನ್ನೂ ಆರಿಲ್ಲವೆಂದೂ ಕಿರ್ಸ್ಟನ್‌ಳ ಮನೆತನದ ನಂಬಿಕೆ.

ಮಧ್ಯಾಹ್ನ ಹಿಮ ದಟ್ಟವಾಗಿ ಸುರಿಯತೊಡಗಿತು. ನಾಳೆ ಉಡುವ ಸೀರೆಗೆ ಫಾಲ್ ಹೊಲಿಯಲು ಕೂತರೆ ಸೂಜಿಗೆ ತುಕ್ಕು. ಸುಂದರಿ ಕಲ್ಲಿನತ್ತ ನೋಡಿದಳು. "ನೋಡೇಬಿಡೋಣ," ಎಂದು ಸೂಜಿಯನ್ನು ಅದಕ್ಕೆ ಉಜ್ಜಿದಳು.

ಸರ್ರ್... ಸರ್ರ್...

ಕೈ ನಿಲ್ಲಿಸಿದಳು. ಸದ್ದು ನಿಲ್ಲಲಿಲ್ಲ.

ದೀಪ ಆರಿತು. ಹಿಮ ಮುಚ್ಚಿದ ಕಿಟಕಿಯಿಂದ ಬೂದಿಬಣ್ಣದ ಮಬ್ಬು. ಕರಗಿದ ಕೊಬ್ಬು, ಒದ್ದೆ ಕಬ್ಬಿಣ, ಕೊಳೆತ ಕಡಲಪಾಚಿಯ ವಾಸನೆ ಕೋಣೆಯನ್ನು ತುಂಬಿತು. ಬಲಗೈ ತಾನಾಗಿಯೇ ಹೊಲಿಯತೊಡಗಿತು. ಬಿಡಿಸಿಕೊಳ್ಳಲು ಎಷ್ಟು ಎಳೆದರೂ ಆ ಕೈ ಅವಳ ಮಾತು ಕೇಳಲಿಲ್ಲ. ಸೀರೆಯಂಚು ಮುಗಿಯಿತು. ಸೂಜಿ ಮೇಲೆದ್ದಿತು. ಗಲ್ಲ ದಾಟಿತು. ತುಟಿಗೆ ಬಂತು.

ಒಂದು ಹೊಲಿಗೆ. ರಕ್ತದ ಉಪ್ಪು. ಇನ್ನೊಂದು.

ಫೋನ್ ಹೊಡೆದುಕೊಂಡಿತು. ಎಡಗೈ ಇನ್ನೂ ಅವಳದೇ. ಎತ್ತಿಕೊಂಡಳು. ದಿವಾಕರ.

"ಸುಂದರೀ, ಟ್ರೈನ್ ಸ್ಟಕ್ ಆಗಿದೆ ಕಣೇ. ಹಲೋ? ಯಾಕೇ ಮಾತಾಡ್ತಿಲ್ಲ? ಏನಾಯ್ತೇ?"

ಗಂಟಲಿನಿಂದ ಹೊರಟದ್ದು ಬರೀ ನರಳಾಟ. ನಾಲಗೆ ಕಲ್ಲಿನಂತೆ ಭಾರವಾಗುತ್ತಿತ್ತು. ಮೊದಲು ಭಯ. ಆಮೇಲೆ ಹೊಟ್ಟೆಯ ತಳದಿಂದ ಸಿಟ್ಟು. ಆರುನೂರು ವರ್ಷದ ಹಿಂದೆ ಸೋತವನಿಗೆ ಇವತ್ತು ತಾನು ಬಾಯಿ ಮುಚ್ಚಬೇಕೆ?

ರಿಸೀವರ್ ಬಿಸಾಡಿ, ಒಲೆಯ ಮೇಲಿನ ಕಬ್ಬಿಣದ ದೋಸೆ ಕಾವಲಿ ಎಳೆದುಕೊಂಡು ಎತ್ತಿದಳು. ತಕ್ಷಣ ಬಲಗೈ ಹಾರಿ ಕಲ್ಲನ್ನು ಮುಚ್ಚಿತು. ಬೆರಳು ಹರಡಿ, ಅಪ್ಪಿ ಹಿಡಿಯಿತು. ಕಲ್ಲು ಒಡೆಯಬೇಕಾದರೆ ಕೈಯೂ ಹೋಗಬೇಕು. ಕಾವಲಿ ಗಾಳಿಯಲ್ಲಿ ನಿಂತಿತು. ಅವಳು ಬರೆಯುತ್ತಿದ್ದ ಕೈ ಅದು.

ಹೊಡೆದಳು.

ಎಲುಬು ಮುರಿಯಿತು. ಮತ್ತೆ ಹೊಡೆದಳು. ಕಲ್ಲು ಸೀಳಿಹೋಯಿತು. ಗೋಡೆಯೊಳಗಿಂದ ಗಂಡಸಿನದೊಂದು ಚೀತ್ಕಾರ ಎದ್ದು, ಕ್ಷೀಣಿಸಿ, ಅಡಗಿತು. ತುಟಿಯ ದಾರ ಸಡಿಲವಾಯಿತು. ಸುಂದರಿ ಅದನ್ನು ಹಲ್ಲಿನಿಂದ ಕಡಿದು ಉಗುಳಿದಳು. ನೆಲಕ್ಕೆ ಒರಗಿ, ನೇತಾಡುತ್ತಿದ್ದ ರಿಸೀವರಿಗೆ ಬಾಯಿಟ್ಟಳು.

"ಇದ್ದೀನಿ ಕಣ್ರೀ," ಎಂದಳು. "ಮಾತಾಡ್ತಿದ್ದೀನಿ."

ಮರುದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ದಿವಾಕರ ಅತ್ತ. "ಪೋಸ್ಟ್‌ಪೋನ್ ಮಾಡಿಸ್ತೀನಿ. ಮೂರು ಬೆರಳು ಹೋಗಿದೆ. ಯಾರೂ ಬೇಡ ಅನ್ನಲ್ಲ."

ಅವಳು ಕೋಟು ಹಾಕಿಕೊಳ್ಳಲು ಎಡಗೈ ಚಾಚಿದಳು.

ಪ್ರೊಫೆಸರುಗಳ ಮುಂದೆ ಅವಳು ನಿಂತಾಗ, ಊದಿದ ತುಟಿಯನ್ನೂ ಬ್ಯಾಂಡೇಜನ್ನೂ ಕಂಡ ಒಬ್ಬರು ಕುರ್ಚಿ ಮುಂದಕ್ಕೆ ತಳ್ಳಿದರು. ಸುಂದರಿ ಕೂರಲಿಲ್ಲ. ಬಾಯಿ ತೆರೆದಳು. ಒಡೆದ ತುಟಿಯಿಂದ ರಕ್ತ ಗಲ್ಲಕ್ಕಿಳಿಯಿತು. ಅದನ್ನು ಒರೆಸದೆಯೇ ಅವಳು ಮೊದಲ ವಾಕ್ಯ ಶುರುಮಾಡಿದಳು.