ಮಂಡಿ ಮಡಚಲು ಜಾಗ

ಜಿಪ್ಪು ಸಿಕ್ಕಿಕೊಂಡಿತ್ತು!

ಅಂಗಡಿಯ ನಟ್ಟನಡುವೆ, ನೆಲದ ಮೇಲೆ, ಮೂಗಿನವರೆಗೂ ಚೀಲದೊಳಗೆ ಮುಚ್ಚಿಹೋಗಿ ಮಲಗಿದ್ದಳು ಅವಳು. ಆಸ್ಪತ್ರೆಯಲ್ಲಿ ದಿನಕ್ಕೆ ಅರವತ್ತು ಜನರ ಎಕ್ಸ್‌ರೇ ತೆಗೆಯುತ್ತ, ಅಲ್ಲಾಡಬೇಡಿ ಎಂದು ಗದರುವವಳು ಈಗ ತಾನೇ ಅಲ್ಲಾಡಲಾಗದೆ ಬಿದ್ದಿದ್ದಳು.

"ಅಲ್ಲಾಡಬೇಡಿ," ಎಂದಿತು ಮೇಲಿನಿಂದ ಒಂದು ಗಂಡು ದನಿ.

"ಅಲ್ಲಾಡೋಕಾದ್ರೆ ತಾನೇ!"

ಅಂಗಡಿಯವನು ಪಕ್ಕದಲ್ಲಿ ಕೂತ. ಒಂದು ಕೈಯಲ್ಲಿ ಬಟ್ಟೆ ಬಿಗಿ ಹಿಡಿದು, ಇನ್ನೊಂದರಲ್ಲಿ ಜಿಪ್ಪನ್ನು ಮೆಲ್ಲಗೆ ಹಿಂದಕ್ಕೆಳೆದ. ಅವಳ ಕತ್ತಿನ ಹತ್ತಿರವೇ ಅವನ ಬೆರಳುಗಳು... ಅಂಟಿನ ವಾಸನೆ... ಅವಳ ಎದೆ ಢವಢವ ಎಂದಿತು.

ಛೇ, ಉಸಿರು ಕಟ್ಟಿದ್ದಕ್ಕಿರಬೇಕು!

ಬೆಟ್ಟ ಹತ್ತುವವರ ಸಾಮಾನಿನ ಅಂಗಡಿ ಅದು. ಮಾರುವವನೂ ರಿಪೇರಿ ಮಾಡುವವನೂ ಅವನೊಬ್ಬನೇ. ಅವನದೊಂದು ವಿಚಿತ್ರ ನಿಯಮ. ಬಿವಿ ಚೀಲ ಕೊಳ್ಳುವವರು ಅದರೊಳಗೆ ಹತ್ತು ನಿಮಿಷ ಮಲಗಿ ತೋರಿಸಬೇಕು. ಡೇರೆ ಹಾಕಲು ಜಾಗವಿಲ್ಲದ ಬಂಡೆಯಂಚಿನಲ್ಲಿ, ಮಲಗುವ ಚೀಲದ ಮೇಲೆ ಏರಿಸಿಕೊಳ್ಳುವ, ನೀರು ತಡೆಯುವ ತೆಳ್ಳನೆ ಹೊರಚೀಲ ಅದು. ಅಲ್ಲಿ ಹೋದ ಮೇಲೆ ಹೊಂದಲಿಲ್ಲವೆಂದರೆ ಬದಲಾಯಿಸಲು ಅಂಗಡಿ ಇರುವುದಿಲ್ಲ ಎಂಬುದು ಅವನ ವಾದ.

"ಸರಿ, ಹತ್ತು ನಿಮಿಷ ಆಯ್ತು. ಇದೇ ಕೊಡಿ, ಹಗುರ ಇದೆ," ಎಂದಳು ಕೂದಲು ಸರಿಮಾಡಿಕೊಳ್ಳುತ್ತ.

"ಇದು ಬೇಡ."

"ಯಾಕೆ?"

"ಮಳೆ ಒಳಗೆ ಬರಲ್ಲ, ನಿಜ. ಆದ್ರೆ ನಿಮ್ಮ ಉಸಿರೂ ಹೊರಗೆ ಹೋಗಲ್ಲ. ಬೆಳಗಾಗೋದ್ರೊಳಗೆ ಅದೇ ನೀರಾಗಿ ಮೈಮೇಲೆ ಇಳಿಯುತ್ತೆ."

"ಹಾಗಾದ್ರೆ ಆ ನೀಲಿದು?"

"ಗಾಳಿ ಆಡುತ್ತೆ. ಆದ್ರೆ ನಿಮಗೆ ಇಕ್ಕಟ್ಟು."

"ತಲೆ ಹತ್ರ ಕಮಾನು ಇರೋದು?"

"ಅದರ ಭಾರಕ್ಕೆ ಡೇರೆನೇ ಹೊತ್ಕೊಂಡು ಹೋಗಬಹುದು."

"ಏನ್ರೀ, ನೀವು ಅಂಗಡಿ ತೆರೆದಿರೋದು ಮಾರೋಕೋ, ಇಟ್ಕೊಂಡು ಪೂಜೆ ಮಾಡೋಕೋ?"

ಅವನು ನಗಲಿಲ್ಲ. ಅವಳ ಕಾಲಿನತ್ತ ಒಮ್ಮೆ ನೋಡಿ, "ಮುಂದಿನ ವಾರ ಬನ್ನಿ" ಎಂದ.

ಮುಂದಿನ ವಾರ ಹೋದಳು. "ಇನ್ನೊಂದು ವಾರ..." ಮತ್ತೆ ಹೋದಳು. "ಗುರುವಾರ, ಖಂಡಿತ." ಅದೇ ಹೊತ್ತಿಗೆ ಅವಳ ಕಣ್ಣೆದುರೇ ಒಬ್ಬ ಮೀಸೆಯವನು ಬಂದ, ಮಲಗಿದ, ಎದ್ದ, ಚೀಲ ಹೆಗಲಿಗೇರಿಸಿಕೊಂಡು ಹೊರಟೇಹೋದ!

ಸಿಟ್ಟು ತಡೆಯಲಾರದೆ ಅಕ್ಕನಿಗೆ ಫೋನ್ ಮಾಡಿದಳು. ಅದೇ ತಪ್ಪಾಯಿತು.

"ನೀನು ಹೋಗಬಾರದು ಅಂತ ಆ ಅಂಗಡಿಯವನಿಗೂ ಅರ್ಥ ಆಗಿದೆ ಕಣೇ," ಎಂದಳು ಅಕ್ಕ. "ನಿನಗೊಬ್ಬಳಿಗೇ ಆಗ್ತಿಲ್ಲ. ಆ ಮಂಡಿ ಇಟ್ಕೊಂಡು..."

ಆ ಮಂಡಿ!

ಮೂರು ವರ್ಷದ ಹಿಂದೆ ಬಂಡೆಯಿಂದ ಜಾರಿ ಎಡಮಂಡಿ ಒಡೆದಿತ್ತು. ಆಪರೇಷನ್ ಆಯಿತು, ಮೂಳೆ ಕೂಡಿತು. ತನ್ನ ಎಕ್ಸ್‌ರೇಯನ್ನು ಅವಳಷ್ಟು ಸಲ ನೋಡಿದವರು ಯಾರೂ ಇರಲಿಲ್ಲ. ಆದರೂ ಅಮ್ಮ, ಅಕ್ಕ, ಭಾವ, ಎಲ್ಲರದೂ ಒಂದೇ ರಾಗ. ಅಷ್ಟರ ನಡುವೆ ಕಾಡಿ ಬೇಡಿ ಈ ಶನಿವಾರದ ಏರಿಕೆಗೆ ಜಾಗ ಗಿಟ್ಟಿಸಿಕೊಂಡಿದ್ದಳು. ತಂಡದ ನಾಯಕಿಗೆ ಎಲ್ಲರೂ ಇಟ್ಟ ಹೆಸರು ಹೆಡ್‌ಮಿಸ್ಟ್ರೆಸ್. ಗುರುವಾರ ಸಂಜೆ ಆರಕ್ಕೆ ಆಕೆ ಎಲ್ಲರ ಸಾಮಾನು ನೋಡುತ್ತಾಳೆ. ಒಂದು ವಸ್ತು ಕಡಿಮೆಯಾದರೂ ಜಾಗ ಇನ್ನೊಬ್ಬರ ಪಾಲು.

ಇವನೂ ಅಷ್ಟೇನಾ? ಇವನ ಕಣ್ಣಿಗೂ ನಾನು ಕೈಲಾಗದವಳೇನಾ?

ಬೇರೆ ಅಂಗಡಿಗೆ ಹೋಗಬಹುದಿತ್ತು. ಮೂರು ವಾರದಿಂದ ಯಾಕೆ ಹೋಗಲಿಲ್ಲ ಎಂದು ತನ್ನನ್ನೇ ಕೇಳಿಕೊಳ್ಳುವ ಧೈರ್ಯ ಅವಳಿಗಿರಲಿಲ್ಲ.

ಗುರುವಾರ ಸಂಜೆ ನಾಲ್ಕೂವರೆ. ಅಂಗಡಿ ತೆರೆದೇ ಇತ್ತು, ಒಳಗೆ ಯಾರೂ ಇಲ್ಲ. ಹಿತ್ತಿಲಿನಿಂದ ನೀರು ಸುರಿಯುವ ಸದ್ದು. ಬೈಗುಳಗಳನ್ನೆಲ್ಲ ನಾಲಿಗೆಯ ತುದಿಯಲ್ಲಿಟ್ಟುಕೊಂಡು ಹಿಂಬಾಗಿಲು ದಾಟಿದಳು.

ದಾಟಿ... ನಿಂತುಬಿಟ್ಟಳು.

ಬಟ್ಟೆ ಒಣಹಾಕುವ ತಂತಿಗೆ ನೀರಿನ ಪೈಪು ಕಟ್ಟಿತ್ತು. ಅದರ ಕೆಳಗೆ, ಕಲ್ಲುಚಪ್ಪಡಿಯ ಮೇಲೆ, ಆ ನೀಲಿ ಬಿವಿ ಚೀಲ. ಅದರೊಳಗೆ ಅಂಗಡಿಯವನು! ಉದ್ದ ಸಾಲದೆ ತಲೆ ಹೊರಗೆ ಉಳಿದಿತ್ತು. ತಲೆ ನೆನೆಯದಿರಲೆಂದು ಮುಖದ ಮೇಲೊಂದು ಬಕೆಟ್ಟು ಬೋರಲು.

"ರೀ! ಬದುಕಿದ್ದೀರಾ?"

ಬಕೆಟ್ಟು ಉರುಳಿತು. "ಅಯ್ಯೋ... ನೀವು ಐದಕ್ಕೆ ಬರ್ತೀರಿ ಅಂದ್ಕೊಂಡಿದ್ದೆ."

"ಏನ್ರೀ ಇದು ಅವತಾರ?"

"ನಿಮ್ಮ ಚೀಲ. ಪರೀಕ್ಷೆ ಮಾಡ್ತಿದ್ದೆ."

ಅವನು ಕಷ್ಟಪಟ್ಟು ಹೊರಬಂದು ನೀರು ನಿಲ್ಲಿಸಿದ. ಆಗ ಕಂಡಿತು. ಚೀಲದ ಎಡಬದಿಯನ್ನು ಬಿಚ್ಚಿ, ಮಂಡಿ ಬರುವ ಕಡೆ ಮೂರು ಮೂಲೆಯ ತುಂಡೊಂದನ್ನು ಸೇರಿಸಿ ಹೊಲಿದಿದ್ದ. ಹೊಲಿಗೆಯ ಉದ್ದಕ್ಕೂ ಅಂಟುಪಟ್ಟಿ. ಪಕ್ಕದಲ್ಲೇ ಕಿತ್ತು ಬಿಸಾಡಿದ ಹಳೆಯ ಪಟ್ಟಿಗಳ ರಾಶಿ.

"ನನ್ನ ಮಂಡಿ ವಿಷಯ ನಿಮಗೆ ಯಾರು ಹೇಳಿದ್ರು?" ಎಂದಳು.

"ಯಾರೂ ಹೇಳಲಿಲ್ಲ. ಅವತ್ತು ಮಲಗಿದಾಗ ಎಡಮಂಡಿ ಮಡಚೋಕೆ ನೋಡ್ತಿದ್ರಿ, ಬಟ್ಟೆ ಬಿಡ್ತಿರಲಿಲ್ಲ. ಆ ಎಳೆದಾಟಕ್ಕೇ ಜಿಪ್ಪು ಸಿಕ್ಕಿಕೊಂಡಿದ್ದು. ಹಾಗೇ ಕೊಟ್ಟಿದ್ರೆ ಬೆಳಗ್ಗೆ ಎದ್ದಾಗ ಕಾಲು ಮರಗಟ್ಟಿರೋದು. ನೀವು ಇಳಿಯೋದು ಹೇಗೆ?"

ಇಳಿಯೋದು ಹೇಗೆ... ಹತ್ತುವುದು ಯಾಕೆ ಎಂದು ಅವನು ಕೇಳಲೇ ಇಲ್ಲ! ಮೂರು ವರ್ಷದಲ್ಲಿ ಹಾಗೆ ಕೇಳದವನು ಇವನೊಬ್ಬನೇ.

"ಇದನ್ನ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ನಿಮಗೆ? ನೀವೂ ನನ್ನ ತಡೀತಿದ್ದೀರಿ ಅಂತ... ಮೂರು ವಾರ ನಾನು..."

"ಮುಗಿಸಿ ತೋರಿಸೋಣ ಅಂದ್ಕೊಂಡೆ. ಮೂರು ಸಲ ಸೋರಿತು." ಅವನು ತಲೆ ತಗ್ಗಿಸಿದ. "ಈಗಲೂ ಸೋರ್ತಿದೆ. ಇಗೋ, ಇಲ್ಲಿ ಒದ್ದೆ. ಇದನ್ನ ಕೊಡೋಕಾಗಲ್ಲ."

"ಆರು ಗಂಟೆಗೆ ತೋರಿಸಬೇಕು ಕಣ್ರೀ!" ಅವಳ ಕಣ್ಣು ತುಂಬಿತು. "ನನ್ನ ಜಾಗ ಹೋಯ್ತು!"

ಅವನು ನೀಲಿ ಚೀಲವನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ಒಳಗೆ ಹೋಗಿ, ಬಣ್ಣ ಮಾಸಿದ ಚೀಲವೊಂದನ್ನು ತಂದು ಅವಳ ಕೈಯಲ್ಲಿಟ್ಟ.

"ಇದು ನನ್ನದು. ನಾನೇ ಹೊಲಿದದ್ದು. ಅಗಲ ಇದೆ, ಹನಿ ಸೋರಲ್ಲ, ಭಾರನೂ ಇಲ್ಲ."

ಅವಳು ಚೀಲವನ್ನು ನೋಡಿದಳು. ಅವನನ್ನು ನೋಡಿದಳು.

"ಇದು... ಮೊದಲಿನಿಂದ ಇತ್ತಾ?"

"ಇತ್ತು. ಆದ್ರೆ ಏಳು ತೇಪೆ ಇದೆ. ಇಂಥದ್ದನ್ನ ನಿಮಗೆ ಹೇಗೆ ಕೊಡೋದು?"

"ದೇವರೇ!" ಅವಳು ಹಣೆ ಚಚ್ಚಿಕೊಂಡಳು. "ನನ್ನ ಮಂಡಿಯಲ್ಲಿ ಹನ್ನೊಂದು ಹೊಲಿಗೆ ಇದೆ ಕಣ್ರೀ! ನನಗ್ಯಾಕೆ ತೇಪೆ ಹೆದರಿಕೆ? ಬೇರೆಯವರಿಗಾಗಿದ್ರೆ ಕೊಡ್ತಿರಲಿಲ್ವಾ?"

"ಬೇರೆಯವರಿಗೆ ಮೊದಲ ದಿನವೇ ಕೊಡ್ತಿದ್ದೆ."

"ಮತ್ತೆ ನನಗೆ?"

ಅವನು ಒದ್ದೆ ಕೈಗಳನ್ನು ಅಂಗಿಗೆ ಒರೆಸಿಕೊಂಡ. ಮತ್ತೆ ಒರೆಸಿಕೊಂಡ.

"ನಿಮಗೆ ಒಳ್ಳೇದೇ ಕೊಡಬೇಕು ಅನ್ನಿಸ್ತು. ಆಮೇಲೆ... ಪ್ರತಿ ವಾರ ನೀವು ಬಂದು ಬೈದು ಹೋದಾಗ, ಇನ್ನೂ ಒಳ್ಳೇದು ಮಾಡಬೇಕು ಅನ್ನಿಸ್ತು. ನೀವಂದ್ರೆ ನನಗೆ ಇಷ್ಟ. ಬಹಳ."

ಇಷ್ಟು ಹೇಳಲು ಮೂರು ವಾರ, ಒಂದು ಪೈಪು, ಒಂದು ಬಕೆಟ್ಟು! ಅವಳಿಗೆ ಅಳು ಬಂತು, ನಗು ಬಂತು. ಯಾವುದು ಮೊದಲು ಎಂದು ತಿಳಿಯದೆ ಚೀಲವನ್ನು ಎದೆಗವಚಿಕೊಂಡಳು.

"ನನಗೂ ಇಷ್ಟ ಆಗಿಬಿಟ್ಟಿದೆ, ಏನ್ ಮಾಡೋದು! ಆದ್ರೆ ಇನ್ಮೇಲೆ ಏನಿದ್ರೂ ಅರ್ಧ ಆದಾಗಲೇ ಹೇಳಬೇಕು. ಸೋರಿದ್ರೂ ಹೇಳಬೇಕು."

"ಹೇಳ್ತೀನಿ."

"ಭಾನುವಾರ ಇಳಿದು ಬರ್ತೀನಿ."

"ಬೆಟ್ಟದ ಬುಡದಲ್ಲಿ ಬಸ್ ನಿಲ್ಲುತ್ತಲ್ಲ, ಅಲ್ಲೇ ಇರ್ತೀನಿ."

"ತಡ ಆದ್ರೆ?"

"ಕೂತಿರ್ತೀನಿ."

ಯಾರ ಮುಂದೆಯೂ ಅವಳು ಆಡದಿದ್ದ ಹೆದರಿಕೆ ಮೆಲ್ಲಗೆ ಹೊರಗೆ ಬಂತು.

"ಕುಂಟ್ಕೊಂಡು ಬಂದ್ರೆ?"

ಅವನು ಅವಳ ಕೈಯನ್ನು ಮೊದಲ ಬಾರಿಗೆ, ಜಿಪ್ಪಿನ ನೆಪವಿಲ್ಲದೆ, ಹಿಡಿದುಕೊಂಡ.

"ಸಾಮಾನು ನಾನು ಹೊತ್ಕೋತೀನಿ. ನೀವು ನಡೀರಿ."