ಬಿಸಿಲಿಗೆ ಬೆಂದ ಪ್ರೋಟೀನು

ಪಿಸ್ತೂಲಿನ ತುದಿ ನನ್ನ ಪಕ್ಕೆಲುಬಿಗೆ ಒತ್ತಿಕೊಂಡಿತ್ತು.

ಕಾರಿನೊಳಗೆ ಒಲೆಯ ಕಾವು. ಬೆಳಗಿನಿಂದ ಗಾಜು ಮುಚ್ಚಿ ಬಿಸಿಲಲ್ಲೇ ನಿಲ್ಲಿಸಿದ್ದ ಕಾರು. ಪಿಸ್ತೂಲು ಹಿಡಿದವನಿಗೆ ಸೈಲೆನ್ಸರ್ ಎಂದು ಹೆಸರು... ಒಂದು ನಿಮಿಷವೂ ಬಾಯಿ ಮುಚ್ಚುವವನಲ್ಲ, ಅದಕ್ಕೆ! ಹಿಂದಿನ ಸೀಟಿನಲ್ಲಿ ಕೈ ಕಟ್ಟಿಸಿಕೊಂಡು ಬಿದ್ದಿದ್ದವನು ಮೇಡಂ ಅವರ ಮೈದುನ.

ನಾನು ಖಾಸಗಿ ಪತ್ತೇದಾರ, ಮೇಡಂ ಅಂದರೆ ನನ್ನ ಕ್ಲೈಂಟ್. ಲ್ಯಾಬಿನಲ್ಲಿ ಕೂತು ಪ್ರೋಟೀನ್ ರೂಪಿಸುವವರು. ಅವರ ಪ್ರೋಟೀನಿಗೆ ಎರಡು ಕೈ. ಒಂದು ಚಿನ್ನದ ಕಣ ಹಿಡಿಯುತ್ತದೆ, ಇನ್ನೊಂದು ಸಿಲಿಕಾನ್‌ಗೆ ಅಂಟಿಕೊಳ್ಳುತ್ತದೆ. ಕಣಗಳು ತಾವಾಗಿಯೇ ಸಾಲು ನಿಂತು ಕಣ್ಣಿಗೆ ಕಾಣದಷ್ಟು ಸಣ್ಣ ತಂತಿಯಾಗುತ್ತವೆ!

ಮೈದುನ ಆ ಪ್ರೋಟೀನ್ ತುಂಬಿದ ಟ್ಯೂಬನ್ನು ಕದ್ದ. ಬೇರೆ ಕಂಪನಿಗೆ ಮಾರಿಸಲು ಸೈಲೆನ್ಸರ್‌ನನ್ನು ಹಿಡಿದ. ಆಮೇಲೆ ಭಯ ಹತ್ತಿ ಅತ್ತಿಗೆಗೆ ಫೋನ್ ಮಾಡಿದ. ವಿಷಯ ತಿಳಿದ ಸೈಲೆನ್ಸರ್ ಅವನ ಕೈ ಕಟ್ಟಿದ. ಅತ್ತಿಗೆ ನನ್ನನ್ನು ಅಟ್ಟಿದರು. ಕಾರಿನ ಬಾಗಿಲು ತೆಗೆದೆ... ಪಿಸ್ತೂಲು ಎದುರಾಯಿತು.

“ಇದು ಅಸಲಿ ತಾನೇ? ನಿನ್ನ ಮೇಡಂನ ಕೇಳು. ನಕಲಿ ಆದ್ರೆ ಇವನನ್ನ ಇಲ್ಲೇ ಮುಗಿಸ್ತೀನಿ” ಎಂದ ಸೈಲೆನ್ಸರ್.

ಟ್ಯೂಬು ಡ್ಯಾಶ್‌ಬೋರ್ಡ್ ಮೇಲೆ ಬಿಸಿಲು ಕಾಯಿಸುತ್ತಿತ್ತು. ಫೋನನ್ನು ಕಿವಿಗೆ ಒತ್ತಿಕೊಂಡೆ.

“ನೀರಿನ ಥರ ಇದೆಯಾ, ಬೆಳ್ಳಗಾಗಿದೆಯಾ?” ಮೇಡಂ ಕೇಳಿದರು.

“ಬೆಳ್ಳಗಿದೆ.”

“ಹಾಗಾದ್ರೆ ಮೊಟ್ಟೆ ಥರ ಬೆಂದುಹೋಗಿದೆ. ಇನ್ನು ಅದು ಏನನ್ನೂ ಹಿಡಿಯಲ್ಲ. ಟ್ಯೂಬ್ ಹಾಳಾಗ್ಲಿ, ಹುಡುಗನ್ನ ಕರ್ಕೊಂಡು ಬನ್ನಿ.”

ಫೋನ್ ಇಟ್ಟೆ.

“ಏನಂದ್ಲು?”

“ಅಸಲಿಯಂತೆ. ಪ್ರಾಣ ಹೋದ್ರೂ ಬಿಡಬೇಡಿ ಅಂತ ಅಳ್ತಿದಾರೆ.”

ಸೈಲೆನ್ಸರ್ ಮುಖ ಅರಳಿತು. ನಾನು ಸೋತವನ ಹಾಗೆ ಮುಖ ಮಾಡಿ, ಟ್ಯೂಬು ನಿನಗೆ, ಈ ದಂಡಪಿಂಡ ನನಗೆ ಎಂದೆ. ಒಪ್ಪಿದ. ಕಟ್ಟು ಬಿಚ್ಚಿ ಕೆಳಗಿಳಿಸಿದ್ದೇ ತಡ, ಮೈದುನ ಒಳಗೆ ಇಣುಕಿ ಬಾಯಿ ಬಿಟ್ಟ...

“ಅದು ಬೆಳ್ಳಗಿರಬಾರ್ದಲ್ವಾ?”

ಮಂಕುದಿಣ್ಣೆ!

ಕಾಲರ್ ಹಿಡಿದು ಎಳೆದುಕೊಂಡು ಓಡಿದೆ. ಹಿಂದೆ ಗುಂಡಿನ ಸದ್ದು... ತಲೆಯ ಪಕ್ಕದ ಗೋಡೆಯ ಗಾರೆ ಹಾರಿತು. ಓಣಿಗೆ ನುಗ್ಗಿದೆವು. ಹೋಟೆಲೊಂದರ ಅಡುಗೆಮನೆ ದಾಟಿ, ಭಟ್ಟರಿಂದ ಬೈಸಿಕೊಂಡು, ಹಿಂಬಾಗಿಲಿನಾಚೆ ಹೊರಟಿದ್ದ ಬಸ್ಸಿಗೆ ಜೋತುಬಿದ್ದೆವು.

ಲ್ಯಾಬಿನಲ್ಲಿ ಮೇಡಂ ಮೈದುನನ ತಲೆ ಸವರಿ ಕಣ್ಣೊರೆಸಿಕೊಂಡರು. ಆ ಪ್ರೋಟೀನ್ ತಯಾರಿಸುವ ಬ್ಯಾಕ್ಟೀರಿಯಾ ಫ್ರೀಜರಿನಲ್ಲಿ ಭದ್ರವಾಗಿದೆ, ಬರುವ ವಾರ ಹೊಸ ಟ್ಯೂಬು ಸಿದ್ಧವಾಗುತ್ತದೆ ಎಂದು ನನಗೆ ಸಮಾಧಾನ ಹೇಳಿದರು.

ಮೈದುನನ ಕಣ್ಣು ಹೊಳೆಯಿತು.

“ಯಾವ ದಿನ ರೆಡಿಯಾಗುತ್ತೆ, ಅತ್ತಿಗೆ?”

ಮೇಡಂ ನಿಧಾನವಾಗಿ ಗ್ಲೌಸ್ ಕಳಚಿದರು. ನಾನು ಹೊರಗೆ ಬಂದು ಬಾಗಿಲು ಎಳೆದುಕೊಂಡೆ... ಸಾಕ್ಷಿ ಹೇಳುವುದು ನನ್ನ ಕಸುಬಲ್ಲ!